ದಾಕ್ಷಾಯಿಣಿ ಎಂಬ ತಂಗಿ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸುಧಾಮಣಿ ತೆರಕಣಾಂಬಿ ಬಸ್ಸು ಹೋಯಿತೇ ಎಂದು ಕೇಳಿದ್ದಷ್ಟೇ. ಪಕ್ಕದಲ್ಲಿ ಕೂತಿದ್ದ ಮುದುಕಿ ಎದ್ದುಬಂದು ಅವಳ ಕೈ ಹಿಡಿದುಕೊಂಡಳು.

"ಫೋನಲ್ಲಿ ಮಾತಾಡೋರು ನೀವೇ ಅಲ್ವಾ? ದನಿ ಕೇಳ್ದೇಟ್ಗೆ ಗೊತ್ತಾಯ್ತು. ನಾನು ಭೀಮನಬೀಡಿನ ಪುಟ್ಟಸಿದ್ದಮ್ಮ. ನಿಮ್ ತಂಗಿ ದಾಕ್ಷಾಣಿ ಕಥೆ ಕೇಳಿ ಅತ್ಬುಟ್ಟೆ ಕಣವ್ವ."

ಸುಧಾಮಣಿಗೆ ತಂಗಿ ಇರಲಿಲ್ಲ.

ಅವಳು ತೆರಕಣಾಂಬಿಯಲ್ಲಿ ಹದಿನೈದು ವರ್ಷದಿಂದ ಆಶಾ ಕಾರ್ಯಕರ್ತೆ. ಕ್ಷಯದ ಮಾತ್ರೆಯನ್ನು ಆರು ತಿಂಗಳು ನುಂಗಬೇಕು. ಎರಡನೇ ತಿಂಗಳಿಗೆ ಕೆಮ್ಮು ನಿಂತರೆ ಜನ ಮಾತ್ರೆಯನ್ನೂ ನಿಲ್ಲಿಸಿಬಿಡುತ್ತಾರೆ. ಅಂಥವರನ್ನು ಒಪ್ಪಿಸುವುದರಲ್ಲಿ ಅವಳು ಗಟ್ಟಿಗಿತ್ತಿ. ಹಿಂದಿನ ವರ್ಷ ಹೊರದೇಶದ ಸಂಸ್ಥೆಯೊಂದು ಬಂದಿತ್ತು. ಒಳ್ಳೆಯದೆಂದು ಗೊತ್ತಿದ್ದೂ ಮನುಷ್ಯ ಅದನ್ನೇಕೆ ಮಾಡುವುದಿಲ್ಲ ಎಂದು ಅಧ್ಯಯನ ಮಾಡುವವರು ಅದರಲ್ಲಿದ್ದರು, ಕಂಪ್ಯೂಟರಿಗೆ ಮಾತು ಕಲಿಸುವವರೂ ಇದ್ದರು. ಚಾಮರಾಜನಗರದ ಒಂದು ಕೋಣೆಯಲ್ಲಿ, ಕಿಟಕಿಗೆಲ್ಲ ಕಂಬಳಿ ಹೊದಿಸಿ, ಮೂರು ದಿನ ಅವಳ ದನಿ ಮುದ್ರಿಸಿಕೊಂಡರು. ಅಂದಿನಿಂದ ಯಂತ್ರವೇ ದಿನಾ ಬೆಳಿಗ್ಗೆ ತಾಲ್ಲೂಕಿನ ರೋಗಿಗಳಿಗೆಲ್ಲ ಅವಳ ದನಿಯಲ್ಲಿ ಫೋನ್ ಮಾಡುತ್ತಿತ್ತು. ಯಾರಿಗೆ ಯಾವ ಮಾತು ನಾಟುತ್ತದೆಂದು ತಾನೇ ಕಲಿಯುತ್ತಿತ್ತು.

ತೆರಕಣಾಂಬಿಯಲ್ಲಿ ಅವಳ ಪಾಲಿಗೆ ನಾಲ್ಕು ರೋಗಿಗಳ ಮನೆಗಳಿದ್ದವು. ಅಲ್ಲೆಲ್ಲ ಹೋಗಿ ಕೇಳಿದಳು. ಎಲ್ಲರಿಗೂ ದಾಕ್ಷಾಯಿಣಿ ಗೊತ್ತಿದ್ದಳು. ಹತ್ತೊಂಬತ್ತು ವರ್ಷ, ಸುಧಾಮಣಿಯ ತವರೂರಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿ, ಮೂರನೇ ತಿಂಗಳಲ್ಲಿ ಮಾತ್ರೆ ಬಿಟ್ಟು ಸತ್ತಳು. ಕಥೆ ಯಾರ ಬಾಯಲ್ಲೂ ಒಂದಿಷ್ಟೂ ಬದಲಾಗಿರಲಿಲ್ಲ.

ಮರುದಿನ ಸಂಸ್ಥೆಯ ಈ ಫೋನ್ ಯೋಜನೆ ನೋಡಿಕೊಳ್ಳುತ್ತಿದ್ದ ಜುಬೇರನ ಬಳಿ ಹೋದಳು. ಅವನು ಕಂಪ್ಯೂಟರ್ ತೆರೆದು ಬಹಳ ಹೊತ್ತು ನೋಡಿದ.

"ಇದನ್ನ ಯಾರೂ ಬರೆದಿಲ್ಲ ಅಕ್ಕ. ಮೇ ತಿಂಗಳಲ್ಲಿ ಯಂತ್ರ ತಾನಾಗೇ ಒಬ್ರಿಗೆ ಹೇಳಿದೆ, ಅವರು ಮಾತ್ರೆ ತಗೊಂಡ್ರು. ಆಮೇಲೆ ಹತ್ತು ಜನಕ್ಕೆ ಹೇಳಿದೆ, ಹತ್ತೂ ಜನ ತಗೊಂಡ್ರು. ಈಗ ಎಲ್ರಿಗೂ ಹೇಳ್ತಿದೆ."

"ಆ ಹೆಸರು ಎಲ್ಲಿಂದ ಬಂತು?"

"ಗೊತ್ತಿಲ್ಲ ಅಕ್ಕ."

ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ತನ್ನದೇ ದನಿ. ದಾಕ್ಷಾಯಿಣಿ ಎನ್ನುವಾಗ ಉಸಿರು ಒಂದು ಕ್ಷಣ ಕಟ್ಟಿ, ಮತ್ತೆ ಮುಂದುವರಿಯುತ್ತಿತ್ತು. ಆ ಮೂರು ದಿನಗಳಲ್ಲಿ ಅವಳು ಒಮ್ಮೆಯೂ ಹಾಗೆ ಉಸಿರು ಕಟ್ಟಿದ್ದಿಲ್ಲ.

ಮನೆಗೆ ಬಂದವಳೇ, ತನಗೊಬ್ಬಳು ತಂಗಿ ಇದ್ದಳೇ ಎಂದು ತಾಯಿ ಮಲ್ಲಾಜಮ್ಮನನ್ನು ಕೇಳಿದಳು. "ನಿನ್ನೊಬ್ಳ್ನೇ ಕಣವ್ವ ನಾನು ಹೆತ್ತಿದ್ದು" ಎಂದಳು ತಾಯಿ.

ಸುಧಾಮಣಿಯ ಒತ್ತಾಯಕ್ಕೆ ಸಂಸ್ಥೆಯವರು ಆ ಕಥೆಯನ್ನು ತೆಗೆಸಿದರು. ಅವಳು ತನ್ನ ನಾಲ್ಕೂ ಮನೆಗಳಿಗೆ ಹೋಗಿ ಅದು ಸುಳ್ಳೆಂದು ಹೇಳಿದಳು. ಮೂವರು ತಲೆಯಾಡಿಸಿದರು. ಗಾರೆ ಕೆಲಸದ ಮುದ್ದಯ್ಯ ಮಾತ್ರ ಅವಳನ್ನೇ ನೋಡಿದ.

"ಅಂಗಾದ್ರೆ ಮಾತ್ರೆ ವಿಚಾರಾನೂ ಸುಳ್ಳೇ ಇರ್ಬೋದು, ಬುಡಿ."

ಅಂದೇ ಮಾತ್ರೆ ನಿಲ್ಲಿಸಿದ. ಡಾಕ್ಟರು ಹೇಳಿದರೂ ಕೇಳಲಿಲ್ಲ, ಹೆಂಡತಿ ರಾಚಮ್ಮ ಅತ್ತರೂ ಕೇಳಲಿಲ್ಲ. ಮೂರನೇ ವಾರಕ್ಕೆ ಕೆಮ್ಮು ಮರಳಿತು.

ಒಂದು ಮಧ್ಯಾಹ್ನ ಸುಧಾಮಣಿ ಅವನ ಜಗಲಿಯ ಮೇಲೆ ಕೂತಳು. ಆಸ್ಪತ್ರೆಯ ಚೀಟಿ ತೋರಿಸಲೆಂದು ಬಂದಿದ್ದವಳ ಬಾಯಿಂದ ಬೇರೆಯೇ ಮಾತು ಹೊರಟಿತು.

"ಅಣ್ಣ, ಅವತ್ತು ನಾನೇಳಿದ್ದೇ ಸುಳ್ಳು. ತಂಗಿ ಇದ್ಲು. ಸಂಕಟ ತಡೀಲಾರ್ದೆ ಇಲ್ಲ ಅಂದ್ಬುಟ್ಟೆ."

ಹೇಳುತ್ತಾ ಹೋದಳು. ಯಂತ್ರ ಹೇಳದೇ ಇದ್ದದ್ದೂ ಬಂತು. ಎಡಗಿವಿಯ ಹಿಂದಿನ ಮಚ್ಚೆ, ಗೋಡೆಯ ಬಿರುಕಿಗೆ ತುರುಕಿಟ್ಟ ಮಾತ್ರೆಗಳು, ಅವು ನೆನೆದು ಹರಡಿದ ಕಮಟು ವಾಸನೆ. ಅದೆಲ್ಲ ಎಲ್ಲಿಂದ ಬರುತ್ತಿದೆಯೆಂದು ಅವಳಿಗೇ ತಿಳಿಯಲಿಲ್ಲ. ಹೆಸರು ಬಂದಾಗ ಉಸಿರು ತಾನಾಗಿ ಕಟ್ಟಿತು. ಮುದ್ದಯ್ಯ ಎದ್ದು ಒಳಗೆ ಹೋಗಿ, ನೀರು ತಂದು, ಅವಳೆದುರಿಗೇ ಮಾತ್ರೆ ನುಂಗಿದ.

ತಿಂಗಳುಗಳು ಕಳೆದು ಅವನ ಕಫದ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ. ಬಿಪಿ ರೋಗಿಗಳಿಗಾಗಿ ಮತ್ತೆ ದನಿ ಕೊಡಿ ಎಂದು ಜುಬೇರ್ ಕೇಳಿದಾಗ ಸುಧಾಮಣಿ ಒಪ್ಪಲಿಲ್ಲ.

ಆ ವಾರವೇ ಅವಳು ಕೆಲಸ ಮುಗಿಸಿ ಬರುವಾಗ ರಾಚಮ್ಮ ಅವಳ ಮನೆಯಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಡುತ್ತಿದ್ದಳು. ಒಳಗೆ ಮಲ್ಲಾಜಮ್ಮ ನಡುಮನೆಯಲ್ಲಿ ಕೂತಿದ್ದಳು. ಅವಳ ಕಣ್ಣೂ ಕೆಂಪಾಗಿತ್ತು.

"ಏನಾಯ್ತವ್ವ?"

"ನಿನ್ ತಂಗಿ ಸತ್ತಿದ್ಕೆ ಮಾತಾಡ್ಸಕ್ಕೆ ಬಂದಿದ್ಲು. ನಿನ್ ಮಾತು ಸುಳ್ಳಾಗ್ದೆ ಇರ್ಲಿ ಅಂತ ನಾನೂ ಅತ್ತೆ." ಮಲ್ಲಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಅವಳು ಹೋದ್ಮೇಲೂ ಅಳು ನಿಲ್ತಾ ಇಲ್ಲ ಕಣವ್ವ."