ಪಟ್ಟಿಯಲ್ಲಿದ್ದ ನಮ್ಮ ಮನೆಯ ಸಿಡಿ

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಪ್ರತಿಯೊಂದಕ್ಕೂ ಒಂದು ರೀಸನ್ ಇರುತ್ತದೆ, ಸಿಗದಿದ್ದರೆ ನೀನು ಸರಿಯಾಗಿ ಹುಡುಕಿಲ್ಲ ಎಂದೇ ಅರ್ಥ ಅನ್ನುತ್ತಿದ್ದರು. ಆ ಮಾತು ಹಿಡಿದುಕೊಂಡೇ ಮುದುಕಿಯಾದೆ. ತಿಕೋಟಾದ ನನ್ನ ನಾದಿನಿ ಗಂಗಾ ಅಂಥ ಕಥೆ ತೆಗೆದರೆ, "ಮೊದಲ ಚಹಾ ಕುಡಿ, ಆರತೈತಿ" ಎಂದು ನಗುತ್ತಿದ್ದೆ. ಈಗ ನಗುವ ಧೈರ್ಯ ಉಳಿದಿಲ್ಲ. ಇಂಥವು ರಾತ್ರಿ ನಡೆಯುತ್ತವಂತೆ. ನನಗಾದದ್ದು ಮಟಮಟ ಮಧ್ಯಾಹ್ನ, ವಿಜಯಪುರದ ನಮ್ಮ ಮನೆಯಲ್ಲಿ, ಡೈನಿಂಗ್ ಟೇಬಲ್ಲಿನ ಮೇಲೆ.

ನಮ್ಮ ಮನೆಯವರಿಗೆ ಹೆಣ್ಣುಮಕ್ಕಳ ಹಾಡು ರೆಕಾರ್ಡ್ ಮಾಡುವ ಹುಚ್ಚು. ಬಸುರಿಯ ಕುಬಸ, ಮದುವೆ, ತೊಟ್ಟಿಲು, ಎಲ್ಲಿ ಹಾಡು ಇದೆ ಅಂದರೆ ಅಲ್ಲಿಗೆ ಮೈಕ್ ಹಿಡಿದು ಹೊರಡುವರು. ಬಬಲೇಶ್ವರದ ಕಡೆಯ ಹಳ್ಳಿಗಳನ್ನೂ ಬಿಟ್ಟಿರಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಸಿಡಿ ಮಾಡಿ, ಮೇಲೆ ಊರಿನ ಹೆಸರು ಬರೆದು ಡಬ್ಬಿಗೆ ಹಾಕುವರು. ಒಂದಕ್ಕೆ ಒಂದೇ ಕಾಪಿ. ಆ ಹಾಡುಗಳಲ್ಲಿ ಅತ್ತೆಯರ, ಬೀಗರ ಚೇಷ್ಟೆ ಬಹಳ ಇರುತ್ತದೆ ನೋಡಿ. ಊರಿಗೆ ಹಂಚುವುದಿಲ್ಲ ಎಂದು ಹಾಡಿದವರಿಗೆ ಪ್ರಾಮಿಸ್ ಮಾಡಿದ್ದರು. ಸಿಡಿ ಆದಮೇಲೆ ಮೂಲವನ್ನೂ ಅಳಿಸಿಬಿಡುತ್ತಿದ್ದರು. ನಮ್ಮ ಮನೆಗೆ ಇಂಟರ್ನೆಟ್ ಬರುವ ಮೊದಲೇ ಆ ಕಂಪ್ಯೂಟರ್ ಗುಜರಿಗೆ ಹೋಯಿತು. ಇದನ್ನು ದಯವಿಟ್ಟು ನೆನಪಿಡಿ.

ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಕೇಳಿತೇನು" ಅಂದರೆ ನಾನು. ಅವರ ಹೆಸರನ್ನು ನಾನೂ ಹೇಳುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಮಾತಾಡುವಾಗ ಕೂಡ. ನಮ್ಮ ಕಡೆ ಗಂಡಹೆಂಡಿರು ಒಬ್ಬರ ಹೆಸರು ಒಬ್ಬರು ಹೇಳಬೇಕಾದರೆ ಒಡಪು ಬೇಕು, ಅಂದರೆ ಎರಡು ಸಾಲು ಪ್ರಾಸ ಕಟ್ಟಿ ಅದರೊಳಗೆ ಹೆಸರು ಕೂಡಿಸಬೇಕು. ವಾಟ್ ಅ ಸಿಲ್ಲಿ ಕಸ್ಟಮ್ ಎಂದು ಹೊಸದರಲ್ಲಿ ಅನಿಸುತ್ತಿತ್ತು.

ಗಂಗಾನ ಮಗಳ ಕುಬಸ ತಿಕೋಟಾದಲ್ಲಿ ಆಯಿತು. ಬಿಜ್ಜರಗಿಯಿಂದ ಬಂದ ಹೆಂಗಸರು ಹಾಡು ಮುಗಿಸಿದವರೇ ಇವರ ಬೆನ್ನು ಹತ್ತಿದರು. "ಎಲ್ಲಾರ ದನಿ ಡಬ್ಬ್ಯಾಗ ತುಂಬಕೊಂಡು ಹೊಂಟೀರೆಲ್ಲಾ ಸಾಹೇಬ್ರ, ನಿಮ್ಮದೂ ಒಂದು ಒಡಪು ತುಂಬ್ರಿ!" ಗಂಗಾ ಬಾಗಿಲಿಗೆ ಅಡ್ಡ ನಿಂತಳು. "ವೈನಿ ಹೆಸರು ಹೇಳೂತನಾ ಬಿಡಂಗಿಲ್ಲ ಅಣ್ಣಾ. ಊಟಾನೂ ಇಲ್ಲ." ಇವರು ಕಿವಿಯವರೆಗೆ ಕೆಂಪಾಗಿ, ಗಂಟಲು ಕೆರೆದುಕೊಂಡು ಅಂದರು:

"ಭೂತನಾಳ ಕೆರಿಯಾಗ ಬೆಳದಿಂಗಳ ತೆರಿ,
ನನ್ನ ಮನಿ ದೀಪಕ್ಕ… ಅಂತ ಕರಿ."

ಚುಕ್ಕೆ ಇಟ್ಟಲ್ಲಿ ನನ್ನ ಹೆಸರು. ಇಡೀ ಸಂಸಾರದಲ್ಲಿ ಅವರ ಬಾಯಿಂದ ಅದನ್ನು ಕೇಳಿದ್ದು ಆ ಒಂದೇ ಸಲ. ಮೈಕ್ ಚಾಲೂ ಇತ್ತು. ಆ ಸಿಡಿಯಲ್ಲಿ ಅದೇ ಕೊನೆಯ ಟ್ರ್ಯಾಕ್.

ಅವರು ತೀರಿಹೋದಮೇಲೆ, ಸಿಡಿಗಳೂ ಮುಪ್ಪಾಗುತ್ತವೆ ಎಂದು ಎಲ್ಲಿಯೋ ಓದಿ ಗಾಬರಿಯಾದೆ. ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಇಳಿಸಬೇಕು, ಅದೂ ಲಾಸ್‌ಲೆಸ್ ಆಗಿ, ಅಂದರೆ ದನಿಯ ಒಂದು ಎಳೆಯೂ ಕಳೆಯದಂತೆ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕನ್ನಡಕ ಏರಿಸಿಕೊಂಡು ಫೋರಮ್ಮುಗಳನ್ನು ಓದಿದೆ. ಅಲ್ಲಿ ಜನ ಜಗಳಾಡುವುದು ನೋಡಿದರೆ ನಮ್ಮ ಬೀಗರೇ ವಾಸಿ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಸಾಫ್ಟ್‌ವೇರ್ ಬಹಳ ಫಾಸ್ಟ್, ಆದರೆ ಓದಲಾಗದ ಜಾಗವನ್ನು ತಾನೇ ಅಂದಾಜಿನಲ್ಲಿ ತುಂಬಿ ಸುಮ್ಮನಿರುತ್ತದೆ. ಅಂದಾಜಿನ ದನಿ ನನಗೆ ಯಾಕೆ? ಇನ್ನೊಂದು ಪುಕ್ಕಟೆ ಸಿಕ್ಕಿತು. ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ನನ್ನ ಚಹಾ ಆರಿತು. ಕೊನೆಗೆ ಆರಿಸಿದ್ದು ಮೂರನೆಯದನ್ನು. ಅದು ಪ್ರತಿ ಟ್ರ್ಯಾಕನ್ನು ಓದಿ ಅದಕ್ಕೊಂದು ನಂಬರ್ ಹಾಕುತ್ತದೆ. ಲೋಕದಲ್ಲಿ ಬೇರೆಯವರ ಕಂಪ್ಯೂಟರುಗಳು ಅದೇ ಸಿಡಿ ಓದಿದಾಗ ಬಂದ ನಂಬರುಗಳ ಪಟ್ಟಿ ಇಂಟರ್ನೆಟ್ಟಿನಲ್ಲಿದೆ. ಎರಡೂ ಹೊಂದಿದರೆ ಕಾಪಿ ಪರ್ಫೆಕ್ಟ್. ಆಮೇಲೆ ನಮ್ಮ ನಂಬರೂ ಆ ಪಟ್ಟಿಗೆ ಸೇರುತ್ತದೆ.

ಅಂಗಡಿಯಿಂದ ತಂದ ಸಿಡಿಗಳಿಗೆಲ್ಲ ಜೋಡಿ ಸಿಕ್ಕಿತು. ಇವರು ಮಾಡಿದವನ್ನು ಹಾಕಿದರೆ "ಪಟ್ಟಿಯಲ್ಲಿ ಇಲ್ಲ" ಎಂದು ಬರುತ್ತಿತ್ತು. ಬರಬೇಕಾದದ್ದೇ. ಒಂದೇ ಕಾಪಿ ಇದ್ದಮೇಲೆ ಬೇರೆ ಯಾರು ಓದಿರುತ್ತಾರೆ?

ತಿಕೋಟಾದ ಸಿಡಿಯನ್ನು ಕಡೆಗೆ ಇಟ್ಟಿದ್ದೆ. ಆ ಮಧ್ಯಾಹ್ನ ಗಂಗಾ ಬಂದಿದ್ದಳು, ಅವಳ ಎದುರಿಗೇ ಹಾಕಿದೆ. ಮೊದಲ ಟ್ರ್ಯಾಕ್ ಮುಗಿಯಿತು. ಪರದೆಯ ಮೇಲೆ ಬಂದದ್ದು: ಬೇರೆ ಒಬ್ಬರ ಓದಿನ ಜೊತೆ ಸರಿಹೊಂದಿದೆ. ಎರಡನೆಯದೂ ಹಾಗೆಯೇ. ಒಂದೊಂದೇ ಹಾಡು ಹೊಂದುತ್ತ ಬಂದು ಕೊನೆಯ ಟ್ರ್ಯಾಕಿನಲ್ಲಿ ಡ್ರೈವ್ ಕಿರ್ರ್ ಎಂದು ಒದ್ದಾಡತೊಡಗಿತು. ಬಹಳ ಹೊತ್ತಿನ ಮೇಲೆ ಅಂದಿತು: ನಿಮ್ಮ ಓದು ಸರಿಯಿಲ್ಲ. ಇನ್ನೊಬ್ಬರ ಓದು ಬೇರೆ ಇದೆ.

ಸಿಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕುಂಕುಮದ ಕಲೆ, ಅದರ ನಡುವೆ ಸೂಜಿಮೊನೆಯಷ್ಟು ತೂತು. ಅದರೊಳಗಿಂದ ಬಿಸಿಲು ಕಾಣುತ್ತಿತ್ತು. ಸಿಡಿಯಲ್ಲಿ ಕೊನೆಯ ಟ್ರ್ಯಾಕ್ ಇರುವುದು ಅಂಚಿಗೇ.

"ಖಂಡೇ ಪೂಜಿಗೆ ಇಲ್ಲಿ ಬಂದಾಗ ನಾನ ಹಚ್ಚತಿದ್ನಿರಿ ವೈನಿ," ಅಂದಳು ಗಂಗಾ, ಸಣ್ಣ ದನಿಯಲ್ಲಿ. "ಅಣ್ಣ ಹೋದಮ್ಯಾಲೆ ಪ್ರತಿ ವರ್ಷಾ ಹಚ್ಚೇನಿ. ಅವನ ದನಿ ಐತಿ ಇದರಾಗ ಅಂತ."

ನಮ್ಮಲ್ಲಿ ಆಯುಧಪೂಜೆಯ ಆ ದಿನ ಕೊಡಲಿ, ಕುಡಗೋಲು, ಮಿಕ್ಸರ್, ಎಲ್ಲಕ್ಕೂ ಹಸಿ ಕುಂಕುಮ ಬೀಳುತ್ತದೆ. ಆ ತೇವವೇ ಸಿಡಿಯ ಬೆಳ್ಳಿ ಪದರವನ್ನು ತಿಂದಿತ್ತು. ಹಾಕಿ ಕೇಳಿದೆವು. "ನನ್ನ ಮನಿ ದೀಪಕ್ಕ" ಎನ್ನುವವರೆಗೆ ಅವರ ದನಿ ನಿಚ್ಚಳ. ಆಮೇಲೆ ಟಿಕ್ ಟಿಕ್ ಟಿಕ್. ಮತ್ತೆ "ಅಂತ ಕರಿ", ಹೆಂಗಸರ ನಗು.

ಸಾಫ್ಟ್‌ವೇರ್ ಮಾಡಿದವರಿಗೆ ಪೊಲೈಟ್ ಆಗಿ ಇಮೇಲ್ ಬರೆದೆ. ಆ ಇನ್ನೊಬ್ಬರು ಯಾರು, ಯಾವ ಊರು, ಒಮ್ಮೆ ಕೇಳಿಸುತ್ತಾರೆಯೇ ಎಂದು. ಉತ್ತರ ಬಂತು, ಅದೂ ಪೊಲೈಟ್ ಆಗಿಯೇ. ನಾವು ಯಾರ ಹೆಸರನ್ನೂ ಇಡುವುದಿಲ್ಲ, ಹಾಡನ್ನೂ ಇಡುವುದಿಲ್ಲ, ನಂಬರ್ ಮಾತ್ರ. ನಂಬರಿನಿಂದ ದನಿಯನ್ನು ಮರಳಿ ತರಲಾಗದು. ಬಹುಶಃ ಇನ್ನೊಂದು ಕಾಪಿ ಇದ್ದದ್ದು ತಮಗೆ ಮರೆತಿರಬೇಕು. ನನಗೆ ಮರೆತಿಲ್ಲ. ಆದರೂ ತಿಕೋಟಾ, ಬಿಜ್ಜರಗಿ, ಅಂದು ಹಾಡಿದ ಎಲ್ಲರ ಮನೆಗೂ ಗಂಗಾ ಹೋಗಿ ವಿಚಾರಿಸಿ ಬಂದಳು. ಯಾರ ಹತ್ತಿರವೂ ಇಲ್ಲ.

"ಅಣ್ಣನ ಇರಬೇಕ ಬಿಡ್ರಿ," ಅಂದಳು ಬಂದು. "ಮತ್ತ ಯಾರಿಗೆ ಬೇಕ್ರಿ ನಮ್ಮ ಹಾಡು?"

ನಾನು ಬೈದೆ. ಬೈದವಳೇ ಬಾತ್‌ರೂಮಿಗೆ ಹೋಗಿ ನಳ ಬಿಟ್ಟುಕೊಂಡು ನಿಂತೆ.

ಹೋದ ತಿಂಗಳು, ಸಿಡಿಯನ್ನು ಮೆತ್ತಗೆ ಒರೆಸಿ ಮತ್ತೊಮ್ಮೆ ಹಾಕಿ ನೋಡಿದೆ. ಒಬ್ಬರು ಎಂದಿದ್ದಲ್ಲಿ ಈಗ ಇಬ್ಬರು ಎಂದು ಬಂತು. ಒಬ್ಬರು ನಾನೇ, ಹಿಂದಿನ ಸಲದ ನನ್ನ ಓದೂ ಪಟ್ಟಿಗೆ ಸೇರಿರಬೇಕು ಎಂದುಕೊಂಡೆ. ರೀಸನ್ ಸಿಕ್ಕಿತು ಎಂದು ಸಮಾಧಾನವೂ ಆಯಿತು. ಆದರೆ ಕೊನೆಯ ಟ್ರ್ಯಾಕಿನ ಮುಂದೆಯೂ ಇಬ್ಬರು ಎಂದೇ ಇತ್ತು. ಇಬ್ಬರದೂ ಒಂದೇ ನಂಬರ್. ನನ್ನದು ಮಾತ್ರ ಹಿಂದಿನಂತೆಯೇ, ಬೇರೆ.

ಆ ಟ್ರ್ಯಾಕನ್ನು ನಾನು ಒಮ್ಮೆಯೂ ಪೂರ್ತಿ ಓದಿಸಿಲ್ಲ, ಆ ಇಬ್ಬರಲ್ಲಿ ನಾನಿಲ್ಲ. ಹಾಗಾದರೆ ಅದನ್ನು ಇತ್ತೀಚೆಗೆ ಯಾರು ಓದಿಸಿದರು? ಎಲ್ಲಿ ಕುಳಿತು ಕೇಳುತ್ತಿದ್ದಾರೆ? ಸಿಸ್ಟರ್ ಹೇಳಿದಂತೆ ನಾನು ಸರಿಯಾಗಿ ಹುಡುಕಿಲ್ಲವೋ ಏನೋ. ಎಲ್ಲಿ ಹುಡುಕಬೇಕು, ಯಾರ ಬಾಗಿಲಿಗೆ ಹೋಗಿ ಕೇಳಬೇಕು, ನನಗೆ ತಿಳಿಯುತ್ತಿಲ್ಲ. ಅವರು ಹೇಳಿದ ನನ್ನ ಹೆಸರು ಎಲ್ಲೋ ಒಂದು ಕಡೆ ಮುಕ್ಕಾಗದೆ ಇದೆ. ನನ್ನ ಹತ್ತಿರ ಇರುವುದು ಅದರ ಹಿಂದೆ, ಅದರ ಮುಂದೆ, ಮತ್ತು ಆ ಹೆಂಗಸರ ನಗು.