ರತ್ನಮ್ಮನ ಮಗಳ ತಟ್ಟೆ

ಹರಿಹರದ ರತ್ನಮ್ಮನ ಮನೆಯಲ್ಲಿ ಸತ್ತ ಮಗಳಿಗೆಂದು ದಿನಾ ಇಡುತ್ತಿದ್ದ ತಟ್ಟೆಯನ್ನು ತೆಗೆಸಿದವಳು ನಾನು. ಆಕೆಗೆ ರೋಗವಿರಲಿಲ್ಲ. ಇಲ್ಲವೆಂದು ನನಗೆ ಗೊತ್ತಿತ್ತು — ಪೂರ್ತಿ ಅಲ್ಲದಿದ್ದರೂ ಬಾಯಿ ಬಿಡುವಷ್ಟಂತೂ ಗೊತ್ತಿತ್ತು. ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಆಪ್ತಸಲಹೆಗೆ ಕೂರುತ್ತಿದ್ದೆ. ಜೊತೆಗೆ, ಸಾವಿನ ದುಃಖದ ಬಗ್ಗೆ ಪಿಎಚ್.ಡಿ. ನನ್ನ ಗೈಡ್ ಮೇಷ್ಟ್ರು ಕೊಟ್ಟ ಹೊರದೇಶದ ಪುಸ್ತಕಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಸತ್ತವರನ್ನು ಬಿಟ್ಟುಕೊಡಬೇಕು, ಅದಕ್ಕೊಂದು ಕಾಲಮಿತಿ ಉಂಟು, ಬಿಡದವರು ಅಸ್ವಸ್ಥರು. ಬರೆದವರ ಊರಿನಲ್ಲಿ ಹಾಗಿರಬಹುದು. ಆದರೆ ‘ನಮ್ಮ ಊರಿನವರು ಹೀಗೆ’ ಎಂದು ಅವರು ಬರೆದಿರಲಿಲ್ಲ; ‘ಮನುಷ್ಯರು ಹೀಗೆ’ ಎಂದೇ ಬರೆದಿದ್ದರು. ಎಂಥ ಸೊಕ್ಕು. ಅದನ್ನು ಗಿಳಿಪಾಠ ಒಪ್ಪಿಸಿದ ನನ್ನದು ಇನ್ನೆಂಥದು?

ರತ್ನಮ್ಮ ಬಂದದ್ದು ತಲೆನೋವಿಗೆ. ಹರಿಹರದಲ್ಲಿ ಕಾಳಿನ ವ್ಯಾಪಾರ ಮಾಡುವ ಗಂಡ ಶಿವಪ್ಪನವರು ರೈಲಿನಲ್ಲಿ ಕರೆತಂದಿದ್ದರು. ಮಗಳು ಶೈಲಾ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಊಟದ ಹೊತ್ತಿಗೆ ರತ್ನಮ್ಮ ಮಗಳಿಗೂ ಒಂದು ತಟ್ಟೆ ಹಾಕುತ್ತಿದ್ದಳು, ಪಕ್ಕ ಕೂತು ಅವತ್ತಿನ ಸುದ್ದಿ ಹೇಳುತ್ತಿದ್ದಳು, ಆಮೇಲೆ ಅದೇ ತಟ್ಟೆಯಲ್ಲಿ ತಾನು ಉಣ್ಣುತ್ತಿದ್ದಳು. ಇದನ್ನು ಆಕೆ ತೊಂದರೆಯೆಂದು ಹೇಳಿಕೊಳ್ಳಲಿಲ್ಲ. ನಾನೇ ಕೆದಕಿ ಕೆದಕಿ ತೆಗೆದದ್ದು.

“ಮಗಳು ಈಗ ಇಲ್ಲ ಅಂತ ನಿಮಗೆ ಗೊತ್ತಲ್ವಾ?” ಎಂದು ಕೇಳಿದೆ.

“ಯಾಕ ಗೊತ್ತಿರಲ್ರೀ, ನಾನೇ ಮಣ್ಣು ಹಾಕಿ ಬಂದೀನಿ,” ಎಂದಳು.

ಅಷ್ಟು ಸ್ಪಷ್ಟ ಉತ್ತರ. ಆದರೂ — ನನ್ನ ಪ್ರಬಂಧದ ಅಧ್ಯಾಯಕ್ಕೆ ಒಬ್ಬ ರೋಗಿ ಬೇಕಿದ್ದಳು. ಶಿವಪ್ಪನವರ ಕಡೆ ತಿರುಗಿ, “ಇವತ್ತಿಂದ ಆ ತಟ್ಟೆ ಇಡೋದು ಬ್ಯಾಡ. ಇಟ್ರೆ ಇವರು ಗುಣ ಆಗಲ್ಲ,” ಎಂದೆ.

“ಓದಿದೋರು ನೀವು. ಹೇಳಿದ್ಮ್ಯಾಲೆ ಮುಗೀತು ಬಿಡ್ರಿ,” ಎಂದರು ಅವರು.

ರತ್ನಮ್ಮ ನನ್ನನ್ನೇ ನೋಡುತ್ತ, “ಇವತ್ತಿಂದ ಇಲ್ಲ ಅಂತ ಆಕಿಗೆ ಯಾರ್ ಹೇಳ್ಬೇಕ್ರಿ?” ಎಂದಳು.

ಆ ಮಾತು ಕೇಳಿ ನನಗೆ ಖುಷಿಯಾಯಿತು. ಹೌದು, ಖುಷಿ. ಸಾವನ್ನು ಒಪ್ಪಿಕೊಳ್ಳದ ಮನಸ್ಸಿಗೆ ಇಷ್ಟು ಚೆಂದದ ಉದಾಹರಣೆ ಇನ್ನೆಲ್ಲಿ ಸಿಗಬೇಕು ಅಂದುಕೊಂಡೆ.

ಆ ವರ್ಷದ ಮಹಾಲಯ ಅಮಾವಾಸ್ಯೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಅವ್ವ, ತೀರಿಹೋದ ಅಪ್ಪಾಜಿಗೆ ಎಡೆ ಇಟ್ಟಳು — ಕಡುಬು, ಅನ್ನ, ಸಾರು, ಅವರು ಹಾಕುತ್ತಿದ್ದ ಎಲೆಅಡಿಕೆ, ಪಕ್ಕದಲ್ಲಿ ಅವರ ಕನ್ನಡಕ. ಊಟಕ್ಕೆ ಮೇಷ್ಟ್ರನ್ನೂ ಕರೆದಿದ್ದೆವು. ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಹಾಗೆ ನಿಂತಾಗಲೇ ಮೇಷ್ಟ್ರು, ಒಳಗೆ ಉಣ್ಣುವವರಿಗೆ ತೊಂದರೆಯಾಗದಂತೆ ದನಿ ತಗ್ಗಿಸಿ ಕೇಳಿದರು: “ಆ ಹರಿಹರದ ಕೇಸ್ ಬರೆದ್ಯೇನಮ್ಮಾ? ಸತ್ತೋರಿಗೆ ಊಟ ಇಡೋದು... ಒಳ್ಳೇ ಕೇಸ್ ಐತೆ ಅದು, ಬಿಡಬ್ಯಾಡ.”

ಮುಚ್ಚಿದ ಬಾಗಿಲು ನೋಡಿದೆ. ಒಳಗೆ ನಮ್ಮಪ್ಪ ಉಣ್ಣುತ್ತಿದ್ದರು. ಸರ್, ಹಾಗಾದರೆ ಇದು — ಗಂಟಲ ತನಕ ಬಂದಿತ್ತು. ಕೇಳಿದ್ದರೆ ಏನನ್ನುತ್ತಿದ್ದರೆಂದೂ ಗೊತ್ತು: ಇದು ವರ್ಷಕ್ಕೊಮ್ಮೆಯ ಪದ್ಧತಿ, ಅದು ದಿನಾ. ತಾಯಿಗೆ ಮಗಳ ಹಸಿವು ವರ್ಷಕ್ಕೊಮ್ಮೆ ನೆನಪಾದರೆ ಸಾಕೇ? ಕೇಳಲಿಲ್ಲ. “ಬರೀತಿದೀನಿ ಸರ್,” ಎಂದೆ. ಅವ್ವ ಬಾಗಿಲು ತೆರೆದಳು. ಮೇಷ್ಟ್ರೂ ನಾನೂ ಕೂತು ಕಡುಬು ತಿಂದೆವು.

ಶಿವಪ್ಪನವರು ಹೆಂಡತಿಯನ್ನು ಇನ್ನೊಮ್ಮೆ ಕರೆತಂದರು. “ತಟ್ಟೆ ತೆಗದ್ವಿ ರಿ. ಈಗ ಯಾರ ಕೂಡಾನೂ ಮಾತಾಡವಲ್ಲಳು. ಹೆಂಗೆ ಮಾಡೋದ್ರಿ?” ಎಂದರು. ತಲೆನೋವು ಹಾಗೇ ಇತ್ತು. ನಾನು ಪ್ರಬಂಧದಲ್ಲಿ ಬರೆದೆ: ಸತ್ತ ಮಗಳೊಂದಿಗೆ ಮಾತು ನಿಂತಿದೆ, ಸುಧಾರಣೆ ಕಂಡಿದೆ. ಮಾತು ನಿಂತದ್ದು ಸುಳ್ಳಲ್ಲ — ಇವತ್ತಿಗೂ ನನ್ನ ಮೈ ಉರಿಸುವುದು ಅದೇ. ಡಾಕ್ಟರೇಟ್ ಬಂತು, ಹೆಸರಿನ ಮುಂದೆ ಹಾಕಿಕೊಂಡೆ.

ಆಮೇಲೆ ಪುಸ್ತಕಗಳೇ ಬದಲಾದವು. ಸತ್ತವರ ನಂಟು ಉಳಿಸಿಕೊಳ್ಳುವುದು ರೋಗವಲ್ಲ ಎಂದು ಆ ಹೊರದೇಶದವರೇ ಬರೆಯತೊಡಗಿದರು. ಮೇಷ್ಟ್ರು ಅದನ್ನೂ ಅಷ್ಟೇ ಭಕ್ತಿಯಿಂದ ಪಾಠ ಮಾಡಿದರು. ನಾನು ಕೆಂಡವಾದೆ. ನಮ್ಮ ಅವ್ವಂದಿರ ತಲೆ ನೆಟ್ಟಗಿದೆ ಅನ್ನುವುದಕ್ಕೂ ಅಲ್ಲಿಂದ ಅಪ್ಪಣೆ ಬರಬೇಕಿತ್ತೇ? ಆದರೆ — ಆ ಅಪ್ಪಣೆಗೆ ಕಾದು ಕೂತವಳು ನಾನೇ ಅಲ್ಲವೇ.

ಹರಿಹರಕ್ಕೆ ಹೋದೆ. ಶಿವಪ್ಪನವರು ಅಷ್ಟರಲ್ಲಿ ತೀರಿಕೊಂಡಿದ್ದರು. ರತ್ನಮ್ಮನಿಗೆ ನನ್ನ ಗುರುತು ಸಿಗಲಿಲ್ಲ. ಯಾರೆಂದು ನಾನೇ ಹೇಳಿದೆ. “ಅವತ್ತು ನಾನು ಹೇಳಿದ್ದು ತಪ್ಪು. ಶೈಲಾಗೆ ತಟ್ಟೆ ಇಡ್ರಿ,” ಎಂದೆ.

“ಇಷ್ಟು ವರ್ಷ ಉಣ್ಣಾಕ ಕರೀಲಿಲ್ಲ. ಈಗ ಯಾವ ಮುಖ ಇಟ್ಕಂಡು ಕರೀಲ್ರಿ?” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. “ಊಟದ ಹೊತ್ತಾತು, ಕೂಡ್ರಿ,” ಎಂದು ತನ್ನ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಹಾಕಿದಳು. ಆ ಮನೆಯಲ್ಲಿ ಹೆಚ್ಚಿಗೆ ಒಂದು ತಟ್ಟೆ ಇಡಕೂಡದೆಂದವಳು, ಅದರ ಮುಂದೆ ಕೂತು ಉಂಡೆ.