ಮೂರನೇ ಮಳಿಗೆಯ ಬೋಣಿ

ಲಕ್ಷ್ಮೇಶ್ವರದ ಪೇಟೆಯಲ್ಲಿ ಮೂವತ್ತು ವರ್ಷ ಜೋಳ, ಕಡಲೆ ಅಳೆದ ಚನ್ನಬಸವಣ್ಣನಿಗೆ ಎಣಿಸಲು ಕೂತರೆ ಒಂದು ಎಂಬುದೇ ಬಾಯಿಗೆ ಬರುತ್ತಿರಲಿಲ್ಲ. ಅಳೆಯುವವರು ಮೊದಲ ಸೇರಿಗೆ ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮೊಮ್ಮಕ್ಕಳನ್ನು ಎಣಿಸುವಾಗಲೂ ಅವನದು ಲಾಭದಿಂದಲೇ ಶುರು.

ಈ ಬಾಯಿಗುಣಕ್ಕಾಗಿಯೇ ಚೌಕದ ಕಾಂಪ್ಲೆಕ್ಸಿನಲ್ಲಿ ಯಾರು ಅಂಗಡಿ ತೆರೆದರೂ ಮೊದಲ ಖರೀದಿಗೆ, ಬೋಣಿಗೆ, ಅವನನ್ನು ಕರೆಯುತ್ತಿದ್ದರು. ಮೂರನೇ ಮಳಿಗೆಯಲ್ಲಂತೂ ಅವನು ಬೋಣಿ ಮಾಡದ ವ್ಯಾಪಾರವೇ ಇಲ್ಲ. ಎಸ್‌ಟಿಡಿ ಬೂತಿನಿಂದ ಹಮ್ಮಿಗಿಯ ಬೀಗರಿಗೆ ಫೋನ್ ಮಾಡಿ, ಆರಾಮ ಅದೀರೇನು ಎಂದಷ್ಟೇ ಕೇಳಿ ಇಟ್ಟಿದ್ದ. ಬೂತ್ ಹೋಗಿ ಕ್ಯಾಸೆಟ್ ಬಂದಾಗ ಒಂದು ಕ್ಯಾಸೆಟ್ ಕೊಂಡ; ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಕ್ಯಾಸೆಟ್ ಹೋಗಿ ಸೀರೆ ಬಂತು, ಸೀರೆ ಹೋಗಿ ಜಹಾಂಗೀರನ ಮೊಬೈಲ್ ಅಂಗಡಿ ಬಂತು. ಕಳೆದ ದೀಪಾವಳಿಗೆ ಅದರ ಶಟರೂ ಇಳಿಯಿತು.

“ಚನ್ನಬಸಣ್ಣ ಲಾಭ ಅಂದ್ರ ಮಾಲಕಗ ಲುಕ್ಸಾನ!” ಎಂದು ಚಹಾದಂಗಡಿಯಲ್ಲಿ ಯಾರೋ ನಗೆಯಾಡಿದರು. ಅವನೂ ನಕ್ಕ. ಆದರೆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು. ಊರ ಬಾಯಿ ಮುಚ್ಚುವವರು ಯಾರು?

ಈಗ ಆ ಮಳಿಗೆ ಹಿಡಿದವಳು ಅವನ ಮಗಳೇ. ಶಿವರಂಜನಿ ಶಾಲೆಯ ಬಿಸಿಯೂಟದ ಕೆಲಸ ಬಿಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ ಇಡುತ್ತಿದ್ದಳು. ಗಂಡನ ದುಡಿಮೆ ನೆಚ್ಚುವಂಥದ್ದಲ್ಲ. ಇದು ಕೈಕೊಟ್ಟರೆ ಬಿಟ್ಟ ಕೆಲಸವೂ ಮರಳಿ ಸಿಗುವುದಿಲ್ಲ.

“ನನ್ನ ಕೈ ಬ್ಯಾಡವ್ವಾ. ನಿಮ್ಮವ್ವನ ಕರಿ,” ಎಂದ.

“ನೀ ಬಂದು ಲಾಭ ಅನ್ನೋತನಕ ಒಂದು ರೊಟ್ಟೀನೂ ಮಾರಂಗಿಲ್ಲಪ್ಪಾ,” ಎಂದಳು. ಹಟದಲ್ಲಿ ಅಪ್ಪನ ಮಗಳೇ.

ವಾರವಿಡೀ ಅವನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಂಗಡಿ ತೆರೆಯುವ ಸೋಮವಾರ ಬೆಳಿಗ್ಗೆ ಹೆಂಡತಿ ಅನ್ನಪೂರ್ಣವ್ವನಿಗೆ, “ಗದಗಿನಾಗ ಕೆಲಸ ಐತಿ” ಎಂದು ಸುಳ್ಳು ಹೇಳಿ ಬಸ್ ನಿಲ್ದಾಣಕ್ಕೆ ಬಂದ. ಗದಗಿನ ಬಸ್ಸು ಒಂದು ಹೋಯಿತು, ಹತ್ತಲಿಲ್ಲ. ಇನ್ನೊಂದೂ ಹೋಯಿತು. ಅಲ್ಲೇ ಗಾಡಿಯ ಮೇಲೆ ಮೊಬೈಲ್ ಕವರ್ ಮಾರುತ್ತಿದ್ದ ಜಹಾಂಗೀರ ಇದನ್ನೆಲ್ಲ ನೋಡುತ್ತಲೇ ಇದ್ದ.

“ಇವತ್ತ ಮಗಳ ಅಂಗಡಿ ಅಲ್ಲೇನ್ರಿ ಕಾಕಾ? ನೀವಿಲ್ಲಿ?”

ಚನ್ನಬಸವಣ್ಣನಿಗೆ ತಡೆಯಲಾಗಲಿಲ್ಲ. “ಖರೆ ಹೇಳಪಾ, ನಿನ್ನ ಅಂಗಡಿ ಮುಚ್ಚಿದ್ದು ನನ್ನ ಕೈಗುಣದಿಂದೇನು?”

ಜಹಾಂಗೀರ ನಗಲಿಲ್ಲ. “ಕೈಗುಣ ಎಲ್ಲೀದ್ರಿ? ಮೊದಲನೇ ದಿನ ನೀವು ಕವರ್ ತಗೊಂಡ್ರಿ. ಇಡೀ ಚೌಕ ಬಂದು ಪೇಢೆ ತಿಂದು ಹೋತು. ಎರಡನೇ ಸಲ ಎಂದಾರ ನನ್ನ ಅಂಗಡಿಗೆ ಬಂದೀರೇನು, ಕಾಕಾ?”

ಚನ್ನಬಸವಣ್ಣ ನೆನಪು ಮಾಡಿಕೊಂಡ. ಹೋಗಿರಲಿಲ್ಲ. ಸೀರೆಯ ಅಂಗಡಿಗೂ ಇಲ್ಲ, ಕ್ಯಾಸೆಟ್ಟಿನದಕ್ಕೂ ಇಲ್ಲ. ಮೊದಲ ದಿನ ಶಾಲು ಹೊದಿಸಿಕೊಂಡವನು ಆಮೇಲೆ ಅದೇ ಚೌಕದಲ್ಲಿ ದಿನವೂ ಓಡಾಡಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಚಹಾದಂಗಡಿಯ ನಗೆಗಿಂತ ಇದು ಹೆಚ್ಚು ಚುಚ್ಚಿತು. ನಾಚಿಕೆಯಾಯಿತು.

ಅವನು ಚೌಕಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಗಿರಾಕಿಗಳು ಗೊಣಗುತ್ತ ನಿಂತಿದ್ದರು. ಶಿವರಂಜನಿ ಒಂದು ರೊಟ್ಟಿಯನ್ನೂ ಮಾರಿರಲಿಲ್ಲ. ಅವಳ ಕಣ್ಣುಗಳು ಕೆಂಪಾಗಿದ್ದವು.

“ಗದಗ ಭಾಳ ಜಲ್ದಿ ಮುಗೀತಲ್ರಿ,” ಎಂದಳು ಅನ್ನಪೂರ್ಣವ್ವ.

ಅವನು ಒಂದು ರೊಟ್ಟಿ ಎತ್ತಿಕೊಂಡು, ಮೆಲ್ಲಗೆ “ಲಾಭ” ಎಂದ. ದುಡ್ಡು ಎಣಿಸಿ ಮಗಳ ಕೈಗಿಟ್ಟ.

“ಇಷ್ಟ ಸಾಕೇನಪ್ಪಾ?”

“ಇವತ್ತಿಗೆ ಇಷ್ಟ ಸಾಕವ್ವಾ.”

ಮರುದಿನ ಪೇಢೆಯಿಲ್ಲ, ಶಾಲಿಲ್ಲ, ಚೌಕದ ಒಂದು ನರಪಿಳ್ಳೆಯೂ ಇಲ್ಲ. ಶಿವರಂಜನಿ ಶಟರ್ ಎತ್ತಲು ಬಂದರೆ ಮೆಟ್ಟಿಲ ಮೇಲೆ ಅಪ್ಪ ಚೀಲ ಹಿಡಿದು ಕೂತಿದ್ದ. ಒಂದು ರೊಟ್ಟಿ ಕೊಂಡು, ಚಹಾದಂಗಡಿಯವರೆಗೂ ಕೇಳುವಂತೆ, ಪೇಟೆಯ ಆ ಹಳೆಯ ಗಂಟಲಿನಲ್ಲೇ ಕೂಗಿದ:

“ಎರಡು!”